ದುಬೈ ಸೀಟಿನ ಲೆಕ್ಕ: ಕೇಳಿದವರು ಯಾರು, ತಡೆದವರು ಯಾರು

2022ರಲ್ಲಿ ದುಬೈನ ವಿಮಾನಯಾನ ಅಧಿಕಾರಿಗಳು ನಮ್ಮ ಕೇಂದ್ರ ಸರ್ಕಾರಕ್ಕೆ ಒಂದು ಪತ್ರ ಬರೆದರು. ಆಗ ನಾಗರಿಕ ವಿಮಾನಯಾನ ಸಚಿವರಾಗಿದ್ದವರು ಜ್ಯೋತಿರಾದಿತ್ಯ ಸಿಂಧಿಯಾ. ಪತ್ರದಲ್ಲಿ ಕೇಳಿದ್ದು ಎರಡು ವಿಷಯ. ಒಂದು, ಭಾರತ ಮತ್ತು ದುಬೈ ನಡುವೆ ವಾರಕ್ಕೆ ಇನ್ನೂ 50,000 ಸೀಟು ಹೆಚ್ಚಿಸಿ. ಎರಡು, ಎಂಟು ಹೊಸ ಊರುಗಳಿಗೆ ನಮ್ಮ ವಿಮಾನ ಬರಲು ಬಿಡಿ. ಅಮೃತಸರ, ತಿರುಚಿರಾಪಳ್ಳಿ, ಕೊಯಮತ್ತೂರು, ಕಣ್ಣೂರು, ಗೋವಾ, ಭುವನೇಶ್ವರ, ಗುವಾಹಟಿ, ಪುಣೆ ಆ ಊರುಗಳು. ದುಬೈ ಪರವಾಗಿ ಹಾರುವ ಕಂಪನಿಗಳು ಎಮಿರೇಟ್ಸ್ ಮತ್ತು ಫ್ಲೈದುಬೈ. ಆದ್ದರಿಂದ ಆ ಕೋರಿಕೆಯ ಲಾಭ ಯಾರಿಗೆ ಅಂತ ಬಿಡಿಸಿ ಹೇಳಬೇಕಿಲ್ಲ. 2023ರ ಮಾರ್ಚ್‌ನಲ್ಲಿ ಸಚಿವರು ಉತ್ತರ ಕೊಟ್ಟರು: ಸದ್ಯಕ್ಕೆ ಸೀಟು ಹೆಚ್ಚಿಸುವ ಯೋಚನೆ ಇಲ್ಲ.

ಪೇಪರಿನಲ್ಲಿ ಇದು ಒಳಪುಟದ ಸುದ್ದಿ. ನಮ್ಮ ರಾಯಚೂರಿನಲ್ಲಿ ಮಾತ್ರ ಇದು ನೇರವಾಗಿ ಜೇಬಿಗೆ ತಟ್ಟುವ ವಿಷಯ. ನಾನು ತೀನ್ ಕಂದೀಲ್ ಹತ್ತಿರ ಟಿಕೆಟ್ ಬುಕಿಂಗ್ ಮಾಡುತ್ತೇನೆ. ಮಾನ್ವಿ, ಸಿಂಧನೂರು, ದೇವದುರ್ಗ ಕಡೆಯಿಂದ ಗೌಂಡಿಗಳು, ಡ್ರೈವರುಗಳು, ಎ.ಸಿ. ಮೆಕ್ಯಾನಿಕ್‌ಗಳು, ಟೈಲರುಗಳು ಬರುತ್ತಾರೆ. ರಂಜಾನ್, ಬಕ್ರೀದ್, ದುಬೈ ಶಾಲೆಗಳಿಗೆ ರಜೆ ಇರುವ ಜುಲೈ–ಆಗಸ್ಟ್, ಡಿಸೆಂಬರ್ ಕೊನೆ, ಈ ದಿನಗಳಲ್ಲಿ ಟಿಕೆಟ್ ರೇಟು ಎರಡು ಮೂರು ಪಟ್ಟು ಆಗಿರುತ್ತದೆ. ಒಮ್ಮೆ ಮಾನ್ವಿಯ ಗೌಂಡಿಯೊಬ್ಬರು ರೇಟು ಕೇಳಿ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಆಮೇಲೆ ಕೇಳಿದರು: "ಅಣ್ಣಾ, ರೊಕ್ಕ ಕೊಡಾಕ ನಾವು ತಯಾರದೀವಿ. ವಿಮಾನ ಬಿಡಾಕ ಅವ್ರು ತಯಾರದಾರ. ಮತ್ತ ನಡುವ ಅಡ್ಡ ನಿಂತವ್ರು ಯಾರು?"

ಈ ಬರಹ ಆ ಪ್ರಶ್ನೆಗೆ ಉತ್ತರ. ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ, ಯಾಕೆಂದರೆ ಅಡ್ಡ ನಿಂತವರ ಹತ್ತಿರವೂ ಗಟ್ಟಿ ಕಾರಣ ಇದೆ.

ಆಕಾಶಕ್ಕೆ ಯಜಮಾನರು ಇದ್ದಾರೆ

ವಿದೇಶಿ ವಿಮಾನ ಕಂಪನಿ ತನಗೆ ಬೇಕಾದ ಊರಿಗೆ ತಾನೇ ವಿಮಾನ ಬಿಡುವಂತಿಲ್ಲ. ಇದು ಇವತ್ತಿನ ನಿಯಮ ಅಲ್ಲ. 1944ರ ಡಿಸೆಂಬರ್‌ನಲ್ಲಿ ಷಿಕಾಗೋದಲ್ಲಿ ದೇಶಗಳೆಲ್ಲ ಕೂತು ಒಂದು ಒಪ್ಪಂದ ಮಾಡಿಕೊಂಡವು. ಅದರ ಮೊದಲ ಕಲಮೇ ಹೇಳುತ್ತದೆ: ಒಂದು ದೇಶದ ಮೇಲಿನ ಆಕಾಶ ಆ ದೇಶದ್ದೇ. ಆರನೇ ಕಲಮು ಹೇಳುವುದು, ವೇಳಾಪಟ್ಟಿ ಪ್ರಕಾರ ಹಾರುವ ವಿಮಾನ ಇನ್ನೊಂದು ದೇಶಕ್ಕೆ ಬರಬೇಕಾದರೆ ಆ ದೇಶದ ಅನುಮತಿ ಇರಬೇಕು. ಹಾಗಾಗಿ ಎರಡು ದೇಶಗಳು ತಮ್ಮತಮ್ಮಲ್ಲೇ ಮಾತಾಡಿ ಕರಾರು ಮಾಡಿಕೊಳ್ಳುತ್ತವೆ. ಯಾವ ಊರಿಗೆ ಬರಬಹುದು, ವಾರಕ್ಕೆ ಎಷ್ಟು ಸೀಟು ಅಥವಾ ಎಷ್ಟು ವಿಮಾನ, ಯಾವ ಕಂಪನಿ, ಎಲ್ಲ ಅದರಲ್ಲಿ ಇರುತ್ತದೆ.

ಯುಎಇ ವಿಷಯದಲ್ಲಿ ಇನ್ನೊಂದು ವಿಶೇಷ ಇದೆ. ಅದು ಒಂದೇ ದೇಶ, ಆದರೆ ಭಾರತದ ಜೊತೆ ದುಬೈ ಲೆಕ್ಕ ಬೇರೆ, ಅಬುಧಾಬಿ ಲೆಕ್ಕ ಬೇರೆ, ಶಾರ್ಜಾ ಲೆಕ್ಕ ಬೇರೆ. ಶಾರ್ಜಾ ಫ್ಲೈಟ್‌ನಲ್ಲಿ ಸೀಟು ಸಿಕ್ಕಿ ದುಬೈ ಫ್ಲೈಟ್‌ನಲ್ಲಿ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಕರಾರಿನಲ್ಲಿ ಜಾಗ ಇದ್ದರೂ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಮೊದಲು ಆ ದೇಶದ ಸರ್ಕಾರ "ಈ ಕಂಪನಿ ನಮ್ಮ ಪರವಾಗಿ ಹಾರುತ್ತದೆ" ಎಂದು ಹೆಸರು ಸೂಚಿಸಬೇಕು. ಕಂಪನಿಯ ಮಾಲೀಕತ್ವ, ಹಿಡಿತ ಆ ದೇಶದವರ ಕೈಯಲ್ಲೇ ಇದೆಯೇ ಎಂದು ಸಾಮಾನ್ಯವಾಗಿ ನೋಡುತ್ತಾರೆ. ಆಮೇಲೆ ನಮ್ಮ ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಹಾರಾಟದ ಅನುಮತಿ ಕೊಡಬೇಕು. ಭದ್ರತೆಯ ಏರ್ಪಾಡನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಒಪ್ಪಬೇಕು. ವಿಮಾನ ನಿಲ್ದಾಣದಲ್ಲಿ ಇಳಿಯುವ, ಏರುವ ಹೊತ್ತು ಸಿಗಬೇಕು. ಕೊನೆಗೆ ಪ್ರತಿ ಸೀಸನ್‌ಗೂ ಶೆಡ್ಯೂಲ್ ಒಪ್ಪಿಗೆ ಪಡೆಯಬೇಕು. ಬೇಸಿಗೆ ಶೆಡ್ಯೂಲ್ ಮಾರ್ಚ್ ಕೊನೆಯ ಭಾನುವಾರ ಶುರು, ಚಳಿಗಾಲದ್ದು ಅಕ್ಟೋಬರ್ ಕೊನೆಯ ಭಾನುವಾರ ಶುರು. ಇಷ್ಟೆಲ್ಲ ಕಾಗದಪತ್ರ ದೊಡ್ಡ ಕಂಪನಿಗಳಿಗೆ ಕಷ್ಟದ್ದೇನಲ್ಲ. ಎಮಿರೇಟ್ಸ್ 1985ರಿಂದ ಭಾರತಕ್ಕೆ ಹಾರುತ್ತಿದೆ, ಒಂಬತ್ತು ಊರುಗಳಿಗೆ ಬರುತ್ತಿದೆ. ಅವರಿಗೆ ಕಷ್ಟವಾಗಿರುವುದು ಮೊದಲ ಮೆಟ್ಟಿಲು, ಕರಾರಿನ ಸೀಟಿನ ಸಂಖ್ಯೆ.

ಸೀಟು ತುಂಬಿದ್ದು ಹೇಗೆ

2014ರ ಆರಂಭದಲ್ಲಿ ಭಾರತ–ದುಬೈ ಲೆಕ್ಕವನ್ನು ವಾರಕ್ಕೆ 54,200 ಸೀಟಿನಿಂದ 65,200ಕ್ಕೆ ಏರಿಸಿದರು. ಇದು ಒಂದೊಂದು ಕಡೆಗೆ. ಅಂದರೆ ದುಬೈ ಕಂಪನಿಗಳಿಗೂ ಅಷ್ಟು, ನಮ್ಮ ಕಂಪನಿಗಳಿಗೂ ಅಷ್ಟು. ಅದಾದ ಮೇಲೆ ಹೇಳಿಕೊಳ್ಳುವಂಥ ಏರಿಕೆ ಆಗದೆ ವರ್ಷಗಳೇ ಕಳೆದವು. ಈ ನಡುವೆ ಜನ ಎಷ್ಟು ಹೆಚ್ಚಾದರು ಅಂತ ನೋಡಿ. ಯುಎಇಯಲ್ಲಿ ಇರುವ ಭಾರತೀಯರೇ 35 ಲಕ್ಷಕ್ಕೂ ಜಾಸ್ತಿ. ದುಬೈ ಕಡೆಯವರು ತಮ್ಮ ಪಾಲನ್ನು ಪೂರ್ತಿ ಬಳಸಿಕೊಂಡರು.

ಸೀಟಿನ ಲೆಕ್ಕದಲ್ಲಿ ಮಿತಿ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಉದಾಹರಣೆ ಚೆನ್ನಾಗಿದೆ. 2022ರ ಅಕ್ಟೋಬರ್ 30ರಿಂದ ಎಮಿರೇಟ್ಸ್ ಬೆಂಗಳೂರಿಗೆ ಎ380 ತಂದಿತು, ಎರಡು ಅಂತಸ್ತಿನ ದೊಡ್ಡ ವಿಮಾನ. ಅವರ ಬೋಯಿಂಗ್ 777ರಲ್ಲಿ ಸುಮಾರು 350 ಸೀಟು, ಎ380ರಲ್ಲಿ ಸುಮಾರು 500. ದಿನಕ್ಕೊಂದು 777 ಅಂದರೆ ವಾರಕ್ಕೆ 2,450 ಸೀಟು. ಅದೇ ಜಾಗಕ್ಕೆ ಎ380 ಬಂದರೆ 3,500. ಒಂದೇ ಒಂದು ವಿಮಾನ ಬದಲಾಯಿಸಿದ್ದಕ್ಕೆ ಒಟ್ಟು ಲೆಕ್ಕದಿಂದ ವಾರಕ್ಕೆ ಸಾವಿರ ಸೀಟು ಹೋಯಿತು. ಅದನ್ನು ಬೇರೆ ಯಾವುದೋ ಫ್ಲೈಟಿನಿಂದ ಕಡಿಮೆ ಮಾಡಿಯೇ ಹೊಂದಿಸಬೇಕು. ಈ ಲೆಕ್ಕದಲ್ಲಿ ನೋಡಿದರೆ ಕೇಳಿದ್ದ 50,000 ಸೀಟು ಅಂದರೆ 777 ವಿಮಾನದ ಸುಮಾರು 20 ದಿನನಿತ್ಯದ ಹಾರಾಟ. ಸಣ್ಣ ಕೋರಿಕೆ ಅಲ್ಲ ಅದು.

ಸೀಟು ಕಡಿಮೆ, ಕೇಳುವವರು ಜಾಸ್ತಿ ಆದಾಗ ರೇಟಿನಲ್ಲಿ ಏನಾಗುತ್ತದೆ ಎಂದು ಬುಕಿಂಗ್ ಪರದೆಯ ಮುಂದೆ ಕೂತವರಿಗೆ ಕಾಣುತ್ತದೆ. ಒಂದೇ ವಿಮಾನದ ಒಂದೇ ಥರದ ಸೀಟನ್ನು ಕಂಪನಿ ಹತ್ತಾರು ದರದಲ್ಲಿ ಮಾರುತ್ತದೆ. ನಾವು ಅದನ್ನು ಕ್ಲಾಸ್ ಅನ್ನುತ್ತೇವೆ. ಕೆಳಗಿನ ಕ್ಲಾಸ್ ಮೊದಲು ಖಾಲಿ ಆಗುತ್ತದೆ, ಆಮೇಲೆ ಮೇಲಿನದು. ಎರಡು ಮೂರು ತಿಂಗಳು ಮುಂಚೆ ತಾರೀಖು ಗೊತ್ತಿರುವವರಿಗೆ ಕೆಳಗಿನ ಕ್ಲಾಸ್ ಸಿಗುತ್ತದೆ. ಆಫೀಸಿನಲ್ಲಿ ಕೆಲಸ ಮಾಡುವವರು ಹಾಗೆ ಬುಕ್ ಮಾಡಬಲ್ಲರು. ಸೈಟಿನಲ್ಲಿ ಕೆಲಸ ಮಾಡುವ ಗೌಂಡಿಗೆ ರಜೆ ಮಂಜೂರಾಗುವುದೇ ಕೊನೇ ಹೊತ್ತಿನಲ್ಲಿ. ಊರಲ್ಲಿ ಅಪ್ಪ ತೀರಿಕೊಂಡ ಸುದ್ದಿ ಬಂದರೆ ಆ ದಿನವೇ ಹೊರಡಬೇಕು. ಆಗ ಉಳಿದಿರುವುದು ಮೇಲಿನ ಕ್ಲಾಸ್ ಮಾತ್ರ. ಅಂದರೆ ಕಡಿಮೆ ಸಂಬಳದವರೇ ಹೆಚ್ಚಿನ ರೇಟು ಕೊಡುತ್ತಾರೆ. ಸೀಟಿನ ಕೊರತೆಯ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ. ತಾರೀಖು ತಮ್ಮ ಕೈಯಲ್ಲಿ ಇಲ್ಲದವರ ಮೇಲೆ ಬೀಳುತ್ತದೆ.

ರೇಟಿಗೆ ಸರ್ಕಾರ ಮಿತಿ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. 1994ರಲ್ಲಿ ಹಳೆಯ ಏರ್ ಕಾರ್ಪೊರೇಷನ್ ಕಾಯ್ದೆ ಹೋದ ಮೇಲೆ ಸಾಮಾನ್ಯ ದಿನಗಳಲ್ಲಿ ದರ ನಿಗದಿ ಕಂಪನಿಗಳ ಕೈಯಲ್ಲೇ ಇದೆ. ಹಾಗಾಗಿ ಸರ್ಕಾರದ ಕೈಯಲ್ಲಿ ಉಳಿದಿರುವ ದೊಡ್ಡ ಕೀಲಿ ಸೀಟಿನ ಸಂಖ್ಯೆ.

ದೆಹಲಿ ಯಾಕೆ ಬೇಡ ಅಂದಿತು

ಬಳ್ಳಾರಿಯ ಒಬ್ಬ ಹುಡುಗಿ ಲಂಡನ್ನಿಗೆ ಓದಲು ಹೋಗುತ್ತಾಳೆ ಅಂದುಕೊಳ್ಳಿ. ಬೆಂಗಳೂರಿಂದ ಎಮಿರೇಟ್ಸ್ ಹತ್ತಿ, ದುಬೈಯಲ್ಲಿ ಇಳಿದು, ಇನ್ನೊಂದು ಎಮಿರೇಟ್ಸ್ ಹತ್ತಿ ಲಂಡನ್ ತಲುಪುತ್ತಾಳೆ. ನಾವು ಗುಂತಕಲ್‌ನಲ್ಲಿ ರೈಲು ಬದಲಿಸುವ ಹಾಗೆಯೇ. ಅವಳಿಗೆ ದುಬೈಯಲ್ಲಿ ಯಾವ ಕೆಲಸವೂ ಇಲ್ಲ. ಭಾರತದಿಂದ ಬ್ರಿಟನ್ನಿಗೆ ಹೋಗುವ ಪ್ರಯಾಣಿಕಳು ಅವಳು. ಆದರೆ ಟಿಕೆಟ್ ದುಡ್ಡು ಭಾರತದ ಕಂಪನಿಗೂ ಇಲ್ಲ, ಬ್ರಿಟನ್ನಿನ ಕಂಪನಿಗೂ ಇಲ್ಲ, ಮೂರನೇ ಜಾಗದ ಕಂಪನಿಗೆ. ವಿಮಾನಯಾನದವರು ಇದನ್ನು ಆರನೇ ಸ್ವಾತಂತ್ರ್ಯ ಅನ್ನುತ್ತಾರೆ. ದುಬೈ ಬೆಳೆದಿದ್ದೇ ಇದರಿಂದ. ಪೂರ್ವ ಮತ್ತು ಪಶ್ಚಿಮದ ನಡುವೆ ಕೂತ ಆ ಊರು ಎರಡೂ ಕಡೆಯ ಜನರನ್ನು ತನ್ನ ನಿಲ್ದಾಣದಲ್ಲಿ ಕೂಡಿಸಿತು.

2011ರಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ (ಸಿಎಜಿ, ಸರ್ಕಾರದ ಲೆಕ್ಕ ಪರಿಶೀಲಿಸುವವರು) ವರದಿ ಇದನ್ನೇ ಕಟುವಾಗಿ ಹೇಳಿತ್ತು. ಗಲ್ಫ್ ಕಂಪನಿಗಳಿಗೆ ಧಾರಾಳವಾಗಿ ಸೀಟು ಬಿಟ್ಟುಕೊಟ್ಟಿದ್ದರಿಂದ ಏರ್ ಇಂಡಿಯಾಕ್ಕೆ ಪೆಟ್ಟು ಬಿತ್ತು ಅನ್ನುವುದು ಅದರ ಮಾತು. ಆದರೂ 2013ರಲ್ಲಿ ಅಬುಧಾಬಿಯ ಎತಿಹಾದ್ ನಮ್ಮ ಜೆಟ್ ಏರ್‌ವೇಸ್‌ನಲ್ಲಿ 24 ಪರ್ಸೆಂಟ್ ಪಾಲು ಕೊಳ್ಳುವ ಹೊತ್ತಿಗೆ ಅಬುಧಾಬಿ ಲೆಕ್ಕವನ್ನು ವಾರಕ್ಕೆ 13,330ರಿಂದ ಮೂರು ವರ್ಷದಲ್ಲಿ 50,000ಕ್ಕೆ ಏರಿಸಲು ಒಪ್ಪಿದರು. 2019ರ ಏಪ್ರಿಲ್‌ನಲ್ಲಿ ಜೆಟ್ ಮುಚ್ಚಿಯೇ ಹೋಯಿತು. ದೆಹಲಿಯ ಅಧಿಕಾರಿಗಳು ಈ ಇತಿಹಾಸ ಮರೆತಿರಲಾರರು.

2022 ಬೇರೆ ಥರದ ವರ್ಷ. ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಕೈಗೆ ಹೋಯಿತು. 2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಕ್ಕೆ ಆರ್ಡರ್ ಕೊಟ್ಟಿತು, ಜೂನ್‌ನಲ್ಲಿ ಇಂಡಿಗೋ 500ಕ್ಕೆ. ನಮ್ಮ ಕಂಪನಿಗಳು ದೊಡ್ಡ ವಿಮಾನ ತಂದು ಯುರೋಪು, ಅಮೆರಿಕಾಕ್ಕೆ ನೇರವಾಗಿ ಹಾರಲಿ, ನಮ್ಮ ಜನ ಬೇರೆ ದೇಶದ ನಿಲ್ದಾಣದಲ್ಲಿ ವಿಮಾನ ಬದಲಿಸುವುದು ತಪ್ಪಲಿ ಅನ್ನುವುದು ಸಚಿವರ ವಾದ. ಈಗಲೇ ದುಬೈಗೆ 50,000 ಸೀಟು ಕೊಟ್ಟರೆ ಆ ನೇರ ಹಾರಾಟಗಳು ಬೆಳೆಯುವ ಮೊದಲೇ ಪ್ರಯಾಣಿಕರು ಕೈಬಿಟ್ಟು ಹೋಗುತ್ತಾರೆ. ಈ ವಾದ ನನಗೆ ಸರಿ ಅನಿಸುತ್ತದೆ. ಮನಸಾರೆ ಹೇಳುತ್ತೇನೆ. 2025ರ ಜುಲೈನಲ್ಲಿ ಇಂಡಿಗೋ ಮುಂಬೈಯಿಂದ ಮ್ಯಾಂಚೆಸ್ಟರ್, ಆಮ್‌ಸ್ಟರ್‌ಡ್ಯಾಮ್‌ಗೆ ನೇರ ಹಾರಾಟ ಶುರು ಮಾಡಿದ್ದು ಸಣ್ಣ ಮಾತಲ್ಲ.

ನಿಯಮದ ಲೆಕ್ಕದಲ್ಲೂ ದೆಹಲಿಗೆ ದಾರಿ ಇದೆ. 2016ರ ವಿಮಾನಯಾನ ನೀತಿ ಪ್ರಕಾರ 5,000 ಕಿ.ಮೀ. ಆಚೆಯ ದೇಶಗಳ ಜೊತೆ ಪರಸ್ಪರ ಮಿತಿ ಇಲ್ಲದೆ ಆಕಾಶ ತೆರೆಯಬಹುದು. ದುಬೈ ಅದಕ್ಕಿಂತ ಎಷ್ಟೋ ಹತ್ತಿರ. ದುಬೈಯಷ್ಟು ಹತ್ತಿರದ ಗಲ್ಫ್ ಊರುಗಳ ಜೊತೆ ಅಳೆದು ತೂಗಿ ಕೊಡಬೇಕು ಅನ್ನುವುದೇ ಆ ನೀತಿಯ ಒಳಮಾತು.

ಒಂದೇ ಸೀಟು, ಇಬ್ಬರು ಬೇರೆಬೇರೆ ಪ್ರಯಾಣಿಕರು

ಈ ಪ್ರಕರಣದ ಗಂಟು ನನ್ನ ಪ್ರಕಾರ ಇರುವುದು ಇಲ್ಲಿ. ಲಂಡನ್ನಿಗೆ ಹೋಗುವ ಬಳ್ಳಾರಿ ಹುಡುಗಿ, ದುಬೈಯಲ್ಲೇ ಇಳಿದು ಬಸ್ಸು ಹತ್ತಿ ಲೇಬರ್ ಕ್ಯಾಂಪಿಗೆ ಹೋಗುವ ಮಾನ್ವಿ ಗೌಂಡಿ, ಇಬ್ಬರೂ ಕರಾರಿನ ಲೆಕ್ಕದಲ್ಲಿ ಒಂದೊಂದು ಸೀಟು. ಸರ್ಕಾರದ ಭಯ ಇರುವುದು ಮೊದಲನೆಯವಳ ಬಗ್ಗೆ. ಬಾಗಿಲು ಹಾಕಿದ್ದು ಇಬ್ಬರಿಗೂ.

ಗೌಂಡಿಗೆ "ನೇರ ಹಾರಾಟ ಬರಲಿ, ಕಾಯಿರಿ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಅವರದು ನೇರ ಹಾರಾಟವೇ. ಹೈದರಾಬಾದ್–ದುಬೈ, ಸುಮಾರು ನಾಲ್ಕು ಗಂಟೆಯ ದಾರಿ. ಅವರನ್ನು ಕರೆದುಕೊಂಡು ಹೋಗಲು ದೊಡ್ಡ ವಿಮಾನವೂ ಬೇಕಿಲ್ಲ, ಇಂಡಿಗೋ, ಫ್ಲೈದುಬೈಯಂಥ ಕಂಪನಿಗಳ ಸಣ್ಣ ವಿಮಾನ ಸಾಕು. ಇವತ್ತು ಸೀಟು ಕಡಿಮೆ ಇರುವುದರಿಂದ ಕಂಪನಿಯ ಕಂಪ್ಯೂಟರು ಒಂದು ಸೀಟನ್ನು ದುಬೈವರೆಗೆ ಮಾತ್ರ ಹೋಗುವವರಿಗೆ ಮಾರಬೇಕೋ, ನ್ಯೂಯಾರ್ಕ್‌ವರೆಗೆ ಹೋಗುವವರಿಗೆ ಮಾರಬೇಕೋ ಎಂದು ತೂಗಿ ನೋಡುತ್ತದೆ. ಯಾರಿಂದ ಲಾಭ ಜಾಸ್ತಿ ಅವರಿಗೆ ಸೀಟು. ಸಾಕಷ್ಟು ಸೀಟು ಇದ್ದರೆ ಈ ಇಬ್ಬರ ನಡುವೆ ಪೈಪೋಟಿಯೇ ಇರುತ್ತಿರಲಿಲ್ಲ.

ಇನ್ನೊಂದು ಮಾತನ್ನು ಜನ ಗಮನಿಸುವುದಿಲ್ಲ. ಕರಾರಿನ ಸೀಟು ಎರಡೂ ಕಡೆಗೆ ಒಂದೇ ಸಮ. ಎಮಿರೇಟ್ಸ್‌ಗೆ ಇಲ್ಲ ಅಂದರೆ ನಮ್ಮ ಕಂಪನಿಗಳಿಗೂ ಇಲ್ಲ ಅಂದ ಹಾಗೆ. ಹಿಂದೆ ನಮ್ಮ ಕಡೆಯ ಪಾಲು ಖಾಲಿ ಉಳಿಯುತ್ತಿತ್ತು, ಆಗ ಬಿಗಿ ಹಿಡಿದಿದ್ದರಲ್ಲಿ ಅರ್ಥ ಇತ್ತು. ಈಗ ಇಂಡಿಗೋ, ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎಲ್ಲ ಸೇರಿ ಆ ಪಾಲನ್ನೂ ಬಹುತೇಕ ತುಂಬಿಸುತ್ತಿವೆ. ಹೊಸದಾಗಿ ಬಂದ ಆಕಾಸಾ ಏರ್ 2024ರ ಮಾರ್ಚ್‌ನಲ್ಲಿ ವಿದೇಶಕ್ಕೆ ಹಾರಲು ಶುರು ಮಾಡಿದ್ದು ದೋಹಾಕ್ಕೆ, ದುಬೈಗೆ ಅಲ್ಲ. ವಿದೇಶಿ ಕಂಪನಿಯನ್ನು ತಡೆಯಲು ಕಟ್ಟಿದ ಗೋಡೆ ಒಂದು ಹಂತದ ಮೇಲೆ ನಮ್ಮವರನ್ನೂ ತಡೆಯುತ್ತದೆ, ಅಲ್ವಾ?

ಬಿಗಿಯನ್ನು ಸಡಿಲಿಸಲು ಬರುವುದೇ ಇಲ್ಲ ಅಂತೇನೂ ಇಲ್ಲ. 2025ರ ಜುಲೈನಲ್ಲಿ ಕುವೈತ್ ಜೊತೆಗಿನ ಲೆಕ್ಕವನ್ನು ವಾರಕ್ಕೆ 12,000 ಸೀಟಿನಿಂದ 18,000ಕ್ಕೆ ಏರಿಸಿದರು. ಹೆಚ್ಚುಕಡಿಮೆ ಎರಡು ದಶಕ ಅಲುಗಾಡದ ಸಂಖ್ಯೆ ಅದು. ಕುವೈತ್ ಕೂಡ ಗಲ್ಫ್ ದೇಶವೇ. ಆದರೆ ಅಲ್ಲಿಗೆ ಹೋಗುವವರಲ್ಲಿ ಹೆಚ್ಚಿನವರು ಅಲ್ಲೇ ಇಳಿದು ದುಡಿಯುವವರು, ದುಬೈ ಥರದ ದೊಡ್ಡ ಜಂಕ್ಷನ್ ಅಲ್ಲ ಅದು. ಅಂದರೆ ಇಬ್ಬರು ಪ್ರಯಾಣಿಕರ ನಡುವಿನ ವ್ಯತ್ಯಾಸ ಅಧಿಕಾರಿಗಳಿಗೆ ಗೊತ್ತಿದೆ ಎಂದು ನನಗೆ ಅನಿಸುತ್ತದೆ. ದುಬೈ ವಿಷಯದಲ್ಲೂ ಆ ವ್ಯತ್ಯಾಸವನ್ನು ಮಾತುಕತೆಯ ಮೇಜಿಗೆ ತರಬೇಕು. ಒಂದೇ ಏಟಿಗೆ 50,000 ಬೇಡ. ಹಂತ ಹಂತವಾಗಿ ಕೊಡಲಿ. ದೊಡ್ಡ ನಿಲ್ದಾಣಗಳ ಬದಲು ದುಡಿಯಲು ಹೋಗುವವರು ಜಾಸ್ತಿ ಇರುವ ಊರುಗಳಿಗೆ ಮೊದಲು ಕೊಡಲಿ. 2022ರಲ್ಲೇ ಯುಎಇ ಜೊತೆ ದೊಡ್ಡ ವ್ಯಾಪಾರ ಒಪ್ಪಂದ ಮಾಡಿಕೊಂಡೆವು, ಮೇ 1ರಿಂದ ಜಾರಿಗೂ ಬಂತು. ಸರಕಿಗೆ ದಾರಿ ಸಲೀಸಾಯಿತು. ದುಡಿಯುವ ಮನುಷ್ಯರಿಗೂ ಸ್ವಲ್ಪ ಸಲೀಸಾಗಲಿ.

ನಮ್ಮೂರಿಗೆ ನಿಲ್ದಾಣ ಬಂದರೆ?

ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ ವಿಮಾನ ನಿಲ್ದಾಣ ಆಗಲಿ, ಇಲ್ಲಿಂದಲೇ ದುಬೈಗೆ ಹತ್ತೋಣ ಎಂದು ಅಂಗಡಿಗೆ ಬರುವವರು ಆಸೆಯಿಂದ ಹೇಳುತ್ತಾರೆ. ಕೊಪ್ಪಳ, ಗಂಗಾವತಿ ಕಡೆಯವರದೂ ಇದೇ ಮಾತು. ಅವರಿಗೆ ಕಣ್ಣೂರಿನ ಕಥೆ ಹೇಳಬೇಕು.

ಕಣ್ಣೂರು ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ಮೂರು ಕಿ.ಮೀ. ಉದ್ದದ ರನ್‌ವೇ, ಕಸ್ಟಮ್ಸ್, ಇಮಿಗ್ರೇಷನ್ ಎಲ್ಲ ಇದೆ. ಸುತ್ತಲಿನ ಊರುಗಳಲ್ಲಿ ಮನೆಗೊಬ್ಬರು ಅನ್ನುವಷ್ಟು ಜನ ಗಲ್ಫ್‌ನಲ್ಲಿದ್ದಾರೆ. ಆದರೂ ವಿದೇಶಿ ಕಂಪನಿಗಳಿಗೆ ಅಲ್ಲಿಗೆ ಬರಲು ಕೇಂದ್ರ ಒಪ್ಪಲಿಲ್ಲ, ಕರಾರಿನ ಊರುಗಳ ಪಟ್ಟಿಯಲ್ಲಿ ಕಣ್ಣೂರಿನ ಹೆಸರಿಲ್ಲ ಅನ್ನುವ ಕಾರಣಕ್ಕೆ. ನಿಲ್ದಾಣಕ್ಕೆ ಅಂತರರಾಷ್ಟ್ರೀಯ ಅನ್ನುವ ಬೋರ್ಡು ಇರುವುದು ಬೇರೆ, ವಿದೇಶಿ ವಿಮಾನ ಇಳಿಯುವ ಹಕ್ಕು ಬೇರೆ. ನಮ್ಮ ಮಂಗಳೂರಿನಿಂದ ದುಬೈಗೆ ಹಾರುವುದು ಕೂಡ ನಮ್ಮ ದೇಶದ ಕಂಪನಿಗಳ ವಿಮಾನವೇ. ದುಬೈ ಕೇಳಿದ್ದ ಎಂಟು ಊರುಗಳ ಪಟ್ಟಿಯಲ್ಲಿ ಕರ್ನಾಟಕದ ಒಂದು ಊರೂ ಇಲ್ಲ.

ತೋರಣಗಲ್ಲಿನಲ್ಲಿ ಜಿಂದಾಲ್‌ನವರ ವಿದ್ಯಾನಗರ ನಿಲ್ದಾಣ ಇದೆ, ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯಲ್ಲಿ 2017ರಿಂದ ಸಣ್ಣ ವಿಮಾನಗಳನ್ನು ಕಂಡಿದೆ. ಹಂಪಿ ನೋಡಲು ಬರುವವರಿಗೆ ಅದು ಅನುಕೂಲ. ಗಲ್ಫ್‌ಗೆ ಹೋಗುವವರಿಗೆ ಅದರಿಂದ ಸದ್ಯಕ್ಕೆ ಏನೂ ಆಗದು. ನಮ್ಮ ಜನರ ನಿಜವಾದ ದುಬೈ ನಿಲ್ದಾಣ ಶಂಷಾಬಾದ್, ಅಂದರೆ ಹೈದರಾಬಾದಿನ ವಿಮಾನ ನಿಲ್ದಾಣ. ರಾಯಚೂರಿನಿಂದ ಮಹಬೂಬ್‌ನಗರ ದಾರಿಯಲ್ಲಿ ಹೈದರಾಬಾದ್ ಬಸ್ಸು ಹತ್ತಿದರೆ ನಗರದೊಳಗೆ ಹೋಗುವ ಮುಂಚೆಯೇ ಶಂಷಾಬಾದ್ ಸಿಗುತ್ತದೆ. ಹಾಗಾಗಿ ಹೈದರಾಬಾದ್‌ಗೆ ಎಷ್ಟು ಸೀಟು ಸಿಗುತ್ತದೆ ಅನ್ನುವುದು ರಾಯಚೂರಿನ ಪ್ರಶ್ನೆಯೂ ಹೌದು. ಅದನ್ನು ತೆಲಂಗಾಣದ ಸಂಸದರಷ್ಟೇ ಕೇಳಬೇಕಿಲ್ಲ, ನಮ್ಮವರೂ ಕೇಳಬಹುದು.

ಲೋಕಸಭೆಯಲ್ಲಿ ಕೇಳಲು ಒಂದು ಪ್ರಶ್ನೆ ಸಿದ್ಧವಾಗಿಯೇ ಇದೆ. ಹೈದರಾಬಾದ್ ಮತ್ತು ಬೆಂಗಳೂರಿನಿಂದ ದುಬೈ ವಿಮಾನ ಹತ್ತಿದವರಲ್ಲಿ ದುಬೈಯಲ್ಲೇ ಇಳಿದವರು ಎಷ್ಟು, ಅಲ್ಲಿಂದ ಮುಂದೆ ಹೋದವರು ಎಷ್ಟು? ಟಿಕೆಟ್‌ನಲ್ಲಿ ಕೊನೆಯ ಊರು ಇದ್ದೇ ಇರುತ್ತದೆ, ಕಂಪನಿಗಳ ಹತ್ತಿರ ಈ ಲೆಕ್ಕ ಇದೆ. ಆ ಎರಡು ಸಂಖ್ಯೆಗಳನ್ನು ಬೇರೆ ಮಾಡಿ ಮುಂದಿಟ್ಟರೆ ಎಷ್ಟು ಸೀಟು ಕೊಟ್ಟರೆ ನಮ್ಮ ಕಂಪನಿಗಳಿಗೆ ಏಟು, ಎಷ್ಟು ಕೊಟ್ಟರೆ ನಮ್ಮ ಗೌಂಡಿಗಳಿಗೆ ಅನುಕೂಲ ಎಂದು ಮಾತುಕತೆಗೆ ಕೂರುವವರಿಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಈ ಪ್ರಶ್ನೆಯನ್ನು ಕನ್ನಡದಲ್ಲಿ ಟೈಪ್ ಮಾಡಿ ನಮ್ಮ ಸಂಸದರ ಕಚೇರಿಗೆ ಕೊಡುವ ತಯಾರಿಯಲ್ಲಿದ್ದೇನೆ. ಬಳ್ಳಾರಿ, ಕೊಪ್ಪಳದಲ್ಲಿ ಟಿಕೆಟ್ ಕೆಲಸ ಮಾಡುವ ಗೆಳೆಯರು ತಮ್ಮ ಸಂಸದರಿಗೂ ಇದನ್ನು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.